ತಿಜೋರಿಯೊಳಗಿನ ಪದ

ಜುಲ್ಫಿಕರನಿಗೆ ಅನುಮಾನ ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಹಾಲಿನವನು ಒಂದು ದಿನ ಬೇಗ ಬಂದರೆ ಸಾಕು, ಇವತ್ತು ನೀರು ಜಾಸ್ತಿ ಬೆರೆಸಿ ಓಡಿ ಬಂದಿದ್ದಾನೋ ಏನೋ ಎಂದು ಪಾತ್ರೆಗೆ ಬೆರಳದ್ದಿ ನೋಡುವ ಮನುಷ್ಯ. ಅಂಥವನ ಕೈಗೆ ಫೋನೇ ಒಂದು ಕಾರಣ ಕೊಟ್ಟುಬಿಟ್ಟಿತು. ತಾಯಿ ಅಮೀನಾಬಿಯ ಮೊಣಕಾಲು ನೋವಿನ ಬಗ್ಗೆ ಮನೆಯಲ್ಲಿ ಮಾತಾಡಿದ ಮರುದಿನವೇ ಅವನ ಫೋನಿನಲ್ಲಿ ಮೊಣಕಾಲಿಗೆ ಹಚ್ಚುವ ಎಣ್ಣೆಯ ಜಾಹೀರಾತು ಬಂತು. ಮುಗಿಯಿತಲ್ಲ!

“ನಮ್ಮ ಮನ್ಯಾಗಿನ ಮಾತು ಯಾರೋ ಕೇಳಾಕತ್ತಾರ,” ಎಂದು ಹೆಂಡತಿ ಯಾಸ್ಮಿನಳ ಕಿವಿಯಲ್ಲಿ ಪಿಸುಗುಟ್ಟಿದ.

“ಕೇಳಲಿ ಬಿಡ್ರಿ. ಅತ್ತಿ ಮೊಣಕಾಲ ತಗೊಂಡು ಅವರೇನ ಮಾಡ್ತಾರ?” ಎಂದಳು ಯಾಸ್ಮಿನ, ರೊಟ್ಟಿ ತಟ್ಟುವ ಕೈ ನಿಲ್ಲಿಸದೆ.

ಅವಳ ಮಾತನ್ನು ಅವನು ಕಿವಿಗೆ ಹಾಕಿಕೊಂಡರೆ ತಾನೇ? ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ಅವನದು. ಅಲ್ಲಿ ಮೂಲೆ ಸೇರಿದ್ದ ಹಳೇ ಕಂಪ್ಯೂಟರೊಂದನ್ನು ಹೇಳಿ ಕೇಳಿ ಮನೆಗೆ ತಂದ. ಎರಡು ಹಳೇ ಡಿಸ್ಕು ಕೂಡಿಸಿದ, ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ ಜೋಡಿಸಿದ, ಪಡಸಾಲೆಯಲ್ಲಿ ತೀರಿಹೋದ ತಂದೆಯ ಫೋಟೊ ತೂಗುಹಾಕಿದ್ದ ಗೋಡೆಯ ಬುಡದಲ್ಲಿ ಸ್ಟೂಲಿನ ಮೇಲೆ ಕೂರಿಸಿದ. ಇಂಟರ್ನೆಟ್ ಕಂಪನಿಯವರ ಗೋದಾಮಿನಲ್ಲಿದ್ದ ಮನೆಯ ಫೋಟೊ, ಮದುವೆಯ ವಿಡಿಯೊ, ಹೊಲದ ಕಾಗದಪತ್ರ, ಎಲ್ಲವನ್ನೂ ಅಲ್ಲಿಂದ ಕಿತ್ತು ಇದರೊಳಗೆ ತುಂಬಿದ. ಮನೆಯವರ ಫೋನಿಗೆಲ್ಲ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್ ಕೊಟ್ಟ. ಯಾರಿಗೆ ಏನು ಬೇಕೋ ಅವರವರ ಫೋನಿನಲ್ಲಿ ಇಲ್ಲಿಂದಲೇ ನೋಡಬಹುದು, ಕೇಳಬಹುದು. ಇದಕ್ಕೆ ಸರ್ವರ್ ಅನ್ನುತ್ತಾರೆಂದು ಹೇಳಿದ. ಅಮೀನಾಬಿ ಮಾತ್ರ ಡಬ್ಬಿ ಅಂದಳು, ಮನೆಮಂದಿಯ ಬಾಯಲ್ಲೂ ಅದೇ ಹೆಸರು ನಿಂತಿತು.

“ಗ್ವಾಡಿ ಮ್ಯಾಲ ಅಪ್ಪಂದು ಒಂದ ಫೋಟೊ ಐತಿ ಯವ್ವಾ. ಇದರಾಗ ನೂರಾರು ಅದಾವ. ಅಪ್ಪನ ದನೀನೂ ಇದರಾಗ ಐತಿ,” ಎಂದ ಜುಲ್ಫಿಕರ, ಹೆಮ್ಮೆಯಿಂದ.

ಅಮೀನಾಬಿ ಡಬ್ಬಿಯ ಕಡೆ ನೋಡಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

ಆ ದನಿಯದೇ ಇಲ್ಲಿ ಮುಖ್ಯ ಸಂಗತಿ. ತಂದೆ ಲಾಳೇಸಾಬ ಮೊಹರಂನಲ್ಲಿ ಯುದ್ಧದಲ್ಲಿ ಮಡಿದವರ ಕಥೆ ಹೇಳುವ ರಿವಾಯತ ಪದ ಹಾಡುವವನು. ಕೆಂಡ ತುಂಬಿದ ಅಲಾಯಿ ಕುಣಿಯ ಮುಂದೆ ನಿಂತು ಅವನು ಒಂದು ಸಾಲು ಎತ್ತಿದನೆಂದರೆ ಕೂತವರು ಏಳುತ್ತಿರಲಿಲ್ಲ. ಇಂಡಿ, ಸಿಂದಗಿ ಕಡೆಯಿಂದಲೂ ಮೇಳದವರು ಕರೆಯಲು ಬರುತ್ತಿದ್ದರು. ಮೇಳದಲ್ಲಿ ಮುಂದೆ ನಿಂತವನು ಕಥೆಯ ಸಾಲು ಹೇಳಬೇಕು, ಹಿಂದಿನವರು ಪಲ್ಲವಿ ಹಿಡಿಯಬೇಕು. ಲಾಳೇಸಾಬನ ಹಿಂದೆ ಪಲ್ಲವಿ ಹಿಡಿಯಲು ಹೊರ್ತಿಯಿಂದ ಬಂದ ಹುಡುಗನೇ ದಾವಲಮಲಿಕ. ಹಾಡುತ್ತಾ ಹಾಡುತ್ತಾ ಮನೆಯವನೇ ಆಗಿ, ಕೊನೆಗೆ ಹಿರಿಮಗಳು ಅಲ್ಮಾಸಳನ್ನು ಮದುವೆಯಾಗಿ ಅಳಿಯನೂ ಆದ. ಈಗ ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿಕೊಂಡು ಸಾಮಾನಿನ ಗಾಡಿ ಹೊಡೆಯುತ್ತಿದ್ದ.

ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಲಾಳೇಸಾಬ ಒಂದು ಹೊಸ ಪದ ಕಟ್ಟಿದ. ಮಲಗಿದಲ್ಲೇ ಒಂದೇ ಸಲ ಹಾಡಿದ. ಉಸಿರು ಸಿಕ್ಕಿಕೊಂಡಲ್ಲೆಲ್ಲ ದಾವಲಮಲಿಕ ಪಲ್ಲವಿ ಎಳೆದು ಅವನಿಗೆ ಬಿಡುವು ಕೊಟ್ಟ. ಅಮೀನಾಬಿ ಅಡುಗೆಮನೆಯಲ್ಲಿ ಅಳುತ್ತಾ ಕೂತಿದ್ದಳು. ಜುಲ್ಫಿಕರ ಫೋನು ಹಿಡಿದು ಧ್ವನಿಮುದ್ರಣ ಮಾಡಿದ. ಅವನ ಲಕ್ಷ್ಯವೆಲ್ಲ ದನಿ ಸರಿಯಾಗಿ ಹಿಡಿಯುತ್ತಿದೆಯೋ ಇಲ್ಲವೋ ಎಂದು ಫೋನಿನ ಪರದೆಯಲ್ಲಿ ಏರಿಳಿಯುವ ಗೆರೆಯ ಮೇಲೆ. ಮುಂದಿನ ವಾರ ಲಾಳೇಸಾಬ ಕಣ್ಣು ಮುಚ್ಚಿದ. ಅವನ ಹಳೇ ಪದಗಳು ಹತ್ತೂರಿನವರ ಫೋನಿನಲ್ಲಿದ್ದವು. ಫೋನಿನಿಂದಲೂ ಅಳಿಸಿದ್ದರಿಂದ ಈ ಕೊನೆಯ ಪದ ಮಾತ್ರ ಡಬ್ಬಿಯೊಳಗೆ ಬಿಟ್ಟರೆ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ.

“ಇನ್ನೊಂದ ಕಡೆನೂ ಇಡ್ರಲ್ಲ. ಕೆಟ್ಟು ಗಿಟ್ಟೀತು,” ಎಂದು ಯಾಸ್ಮಿನ ಅಂದಿದ್ದಳು.

“ಎರಡ ಕಡೆ ಇಟ್ರ ಕಳ್ಳಗ ಎರಡು ಬಾಗಲಾ ತಗದಂಗ ಆಕ್ಕೈತಿ.”

“ಅದಿರಲಿ, ನೀವು ಆ ಪದಾ ಒಮ್ಮೆರ ಪೂರಾ ಕೇಳೀರೇನ್ರಿ?”

“ಎಲ್ಲಿ ಹೋಗತೈತಿ? ಮನ್ಯಾಗ ಐತಲ್ಲ,” ಎಂದ ಜುಲ್ಫಿಕರ.

ಆ ಪದದ ಮೇಲೆ ಮೊದಲು ಕಣ್ಣಿಟ್ಟವನು ದಾವಲಮಲಿಕ. ಅಂದರೆ ಜುಲ್ಫಿಕರನ ಲೆಕ್ಕದಲ್ಲಿ ಕಣ್ಣಿಟ್ಟವನು. ಪಾಪ, ಹೆಂಡತಿಯ ತಮ್ಮನನ್ನು ಅಳಿಯಾ ಎಂದೇ ಕರೆಯುವ ಅವನು ಕೇಳಿದ್ದು ಇಷ್ಟೇ: “ಅಳಿಯಾ, ಮಾವನ ಕಡೀ ಪದಾ ಯೂಟ್ಯೂಬಿಗೆ ಹಾಕೋಣ. ಮಂದಿ ಕೇಳಲಿ, ಅವರ ಹೆಸರು ಉಳೀಲಿ.”

“ಬ್ಯಾಡ ಮಾವ. ಒಮ್ಮೆ ಆ ಕಂಪನಿ ಕೈಗೆ ಹೋತಂದ್ರ ಅದು ನಮ್ಮದಲ್ಲ.”

“ಪದಾ ಅಂದ್ರ ಮಂದಿ ಮುಂದ ಹಾಡೂದೋ ಮಾರಾಯಾ. ಮುಚ್ಚಿಡೂದೇನು?”

“ನಮ್ಮಪ್ಪಂದು. ಏನ ಮಾಡಬೇಕು ನಾ ನೋಡ್ತೇನಿ,” ಎಂದುಬಿಟ್ಟ ಜುಲ್ಫಿಕರ. “ನಮ್ಮಪ್ಪಂದು” ಎಂದ ರೀತಿಗೆ ದಾವಲಮಲಿಕನ ಮುಖ ಸಣ್ಣದಾಯಿತು. ಅಂದಿನಿಂದ ಇಬ್ಬರ ನಡುವೆ ಬರ್ರಿ, ಹೋಗ್ರಿ ಎನ್ನುವಷ್ಟೇ ಮಾತು.

ಆದರೆ ದಾವಲಮಲಿಕ ಮನೆಗೆ ಬರುವುದನ್ನು ಬಿಡಲಿಲ್ಲ. ಪ್ರತಿ ಗುರುವಾರ ಅವನ ಗಾಡಿ ಮುದ್ದೇಬಿಹಾಳದ ಮಾರುಕಟ್ಟೆಗೆ ಬರುತ್ತಿತ್ತು. ಗುರುವಾರ ಸಂಜೆ ತೀರಿಕೊಂಡವರ ಹೆಸರಿನಲ್ಲಿ ಊದು ಹಾಕಿ, ಸಿಹಿ ಮಾಡಿಟ್ಟು ಫಾತೇಹಾ ಓದುವುದು ಆ ಮನೆಯ ಪದ್ಧತಿ. ಮಗ ಆ ಹೊತ್ತಿಗೆ ಯಾವುದೋ ಅಂಗಡಿಯಲ್ಲಿ ಪ್ರಿಂಟರ್ ಬಿಚ್ಚಿಕೊಂಡು ಕೂತಿರುತ್ತಿದ್ದ. ಯಾಸ್ಮಿನ ಹೊಲಿಗೆ ಕಲಿಸಲು ಹೋಗಿರುತ್ತಿದ್ದಳು. ಅತ್ತೆಯ ಮಾತಿಗೆ ಇಲ್ಲವೆನ್ನದೆ ಅಳಿಯ ಓದಿ ಹೋಗುತ್ತಿದ್ದ.

ಬೇಸಿಗೆ ಹತ್ತಿತು. ಒಂದು ಗುರುವಾರ ಕತ್ತಲಾದ ಮೇಲೆ ಜುಲ್ಫಿಕರ ಮನೆಗೆ ಬಂದರೆ ಡಬ್ಬಿ ಆರಿ ತಣ್ಣಗೆ ಕೂತಿದೆ. ಬ್ಯಾಟರಿ ಸರಿಯಿದೆ, ವೈರು ಸರಿಯಿದೆ. ಗುಂಡಿ ಒತ್ತಿದ, ಎದ್ದಿತು. ಇರಲಿ ಬಿಡು ಅಂದುಕೊಂಡ. ಮುಂದಿನ ಗುರುವಾರ ಮತ್ತೆ ಅದೇ ಕಥೆ. ಅದರ ಮುಂದಿನ ಗುರುವಾರವೂ! ಉಳಿದ ದಿನ ಗಾಣದೆತ್ತಿನಂತೆ ದುಡಿಯುವ ಯಂತ್ರ ಗುರುವಾರ ಸಂಜೆಯೇ ಯಾಕೆ ಸಾಯಬೇಕು? ಅವನ ತಲೆಯೊಳಗೆ ಹುಳ ಹೊಕ್ಕಿತು.

ಮೊದಲು ಪಕ್ಕದ ಮನೆಯ ಸಂಗಮೇಶನ ಮೇಲೆ ಅನುಮಾನ ಬಂತು, ವೈಫೈ ಕದಿಯುತ್ತಿದ್ದಾನೆಂದು. ವಿಚಾರಿಸಿದರೆ ಪಾಪ ಆ ಸಂಗಮೇಶನಿಗೆ ಗುಂಡಿ ಒತ್ತುವ ಹಳೇ ಫೋನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಆಮೇಲೆ ಯಾಸ್ಮಿನಳ ಮೇಲೆ. ಅವಳು ಆ ದಿನ ಅವನ ತಟ್ಟೆಗೆ ಪಲ್ಯ ಹಾಕಲಿಲ್ಲ ಅಷ್ಟೇ. ಕೊನೆಗೆ ತಾಯಿಯನ್ನು ಕೇಳಿದ.

“ಯವ್ವಾ, ಗುರುವಾರ ಈ ಡಬ್ಬಿಗೆ ಯಾರರ ಕೈ ಹಚ್ಚತಾರೇನು?”

“ಇಲ್ಲಪ್ಪ. ನಾ ಅಂತೂ ಬಟ್ಟು ಸೈತ ಮುಟ್ಟಿಲ್ಲ.”

“ದಾವಲಮಲಿಕ ಮಾವ?”

“ಅಂವ ಓದತಾನ, ಊಟಾ ಮಾಡತಾನ, ಹೋಗತಾನ. ಅವಗೇನ ಬಂದೈತಿ ಅದನ್ನ ಮುಟ್ಟಾಕ?”

ಡಬ್ಬಿಯ ಹತ್ತಿರ ಬಗ್ಗಿದ ಜುಲ್ಫಿಕರನ ಮೂಗಿಗೆ ಊದಿನ ವಾಸನೆ ಬಡಿಯಿತು. ತಗಡಿಗೆಲ್ಲ ಹತ್ತಿಕೊಂಡಿತ್ತು. ಓಹೋ! ಊದಿನ ಮುಂದೆ ಕೂರುವವನು ಯಾರು? ಅವನ ಅಂಗಿಯ ವಾಸನೆ ಇಲ್ಲಿಗೆ ಹೇಗೆ ಬಂತು? ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಯಾರು ಯಾವಾಗ ಏನು ತೆಗೆದರೆಂದು ಯಂತ್ರ ತಾನೇ ಗುರುತು ಹಾಕಿಕೊಳ್ಳುವ ಜಾಗವನ್ನು ಬಿಚ್ಚಿ ನೋಡಿದ. ಪ್ರತಿ ಗುರುವಾರ ದಾವಲಮಲಿಕನ ಫೋನಿನಿಂದ ಅದೇ ಕೊನೆಯ ಪದ. ಅದಾಗಿ ಸ್ವಲ್ಪ ಹೊತ್ತಿಗೆ ಯಂತ್ರ ಬಂದ್. ನಿನ್ನೆಯ ಗುರುವಾರವಂತೂ ಬರೀ ಕೇಳಿರಲಿಲ್ಲ, ಪದವನ್ನು ಪೂರ್ತಿ ತನ್ನ ಫೋನಿಗೆ ಇಳಿಸಿಕೊಂಡಿದ್ದ!

ಜುಲ್ಫಿಕರನಿಗೆ ಕೋಪ ನೆತ್ತಿಗೇರಿತು. ನಿಜ ಹೇಳಬೇಕೆಂದರೆ ಕೋಪದ ಜೊತೆಗೆ ಒಂದು ಖುಷಿಯೂ ಆಯಿತು. ಇಷ್ಟು ದಿನ ಎಲ್ಲರೂ ನಗುತ್ತಿದ್ದರಲ್ಲ, ನೋಡಿ ಈಗ, ಕಳ್ಳ ಸಿಕ್ಕ. ಪದ ಕದಿಯುವುದು, ಗುರುತು ಸಿಗದಿರಲೆಂದು ಯಂತ್ರ ಆರಿಸುವುದು. ಒಂದು ಗುರುವಾರ ಮನೆಯಲ್ಲಿ ಕೂತು ಕಣ್ಣಾರೆ ನೋಡೋಣವೆಂದು ಈ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಮನುಷ್ಯರ ಬಾಯಿಗಿಂತ ಯಂತ್ರದ ಗುರುತೇ ಅವನಿಗೆ ಖರೆ.

ರವಿವಾರ ಅಕ್ಕ-ಮಾವನನ್ನು ಊಟಕ್ಕೆ ಕರೆಸಿದ. ಅಮೀನಾಬಿ ಸಂಭ್ರಮದಿಂದ ಅಡುಗೆ ಮಾಡಿದಳು, ಇಬ್ಬರ ನಡುವಿನ ಮುನಿಸು ತೀರಿತೆಂದು. ತಟ್ಟೆ ಹಾಕುವ ಮೊದಲೇ ಜುಲ್ಫಿಕರ ಕೈ ಚಾಚಿದ.

“ಮಾವ, ನಿಮ್ಮ ಫೋನ ಕೊಡ್ರಿ.”

ದಾವಲಮಲಿಕ ಏನೂ ತಿಳಿಯದೆ ಕೊಟ್ಟ. ಜುಲ್ಫಿಕರ ಪದವನ್ನು ಹುಡುಕಿ ತೆಗೆದು ಎಲ್ಲರಿಗೂ ತೋರಿಸಿದ.

“ಇದು ಇಲ್ಲಿಗೆ ಹೆಂಗ ಬಂತು?”

“ನಿನ್ನ ಡಬ್ಬಿ ನಡುವ ನಡುವ ನಿಲ್ಲತೈತಿ. ಅದಕ್ಕ ಇಳಿಸಿಕೊಂಡೇನಿ. ಬರೂ ಗುರುವಾರ ಅತ್ತಿ ಮುಂದ ಪೂರಾ ಹಚ್ಚೋಣು ಅಂತ.”

“ನಿಲ್ಲತೈತೋ? ನಿಲ್ಲಸ್ತೀರೋ?”

ಅಲ್ಮಾಸ ಎದ್ದು ನಿಂತಳು. “ಏನಂದಿ? ಇನ್ನೊಮ್ಮೆ ಅನ್ನು.”

“ಯೂಟ್ಯೂಬಿಗೆ ಹಾಕೂ ಸಲುವಾಗಿ ಕದ್ದಾರಕ್ಕಾ. ಯಂತ್ರದಾಗ ಎಲ್ಲಾ ಗುರುತು ಬಿದ್ದೈತಿ.”

“ಜುಲ್ಫ್ಯಾ, ಬಾಯಿ ಮುಚ್ಚು! ಅಂವ ನಿಮ್ಮಪ್ಪನ ಉಚ್ಚಿ ಬಳದಾನೋ!” ಎಂದು ಅಮೀನಾಬಿ ಕೂಗಿದಳು.

ಜುಲ್ಫಿಕರ ಬಾಯಿ ಮುಚ್ಚಲಿಲ್ಲ. ಎಲ್ಲರೆದುರು ದಾವಲಮಲಿಕನ ಬೆರಳಿನಿಂದಲೇ ಪದವನ್ನು ಅಳಿಸುವಂತೆ ಮಾಡಿದ. ಅಳಿಸಿದ್ದು ಹೋಗಿ ಕೂರುವ ಕಸದ ಬುಟ್ಟಿಯಿಂದಲೂ ತೆಗೆಸಿದ. ದಾವಲಮಲಿಕ ಜಗಳವಾಡಲಿಲ್ಲ. ಹೇಳಿದಲ್ಲೆಲ್ಲ ಬೆರಳು ಒತ್ತಿದ. ಆಮೇಲೆ ಫೋನನ್ನು ಜುಲ್ಫಿಕರನ ಮುಂದೆ ಹಿಡಿದ.

“ಇನ್ನೇನರ ಐತೇನು ನೋಡಪ್ಪ. ಚೊಲೋತಂಗ ನೋಡು.”

ಊಟ ಮಾಡದೆ ಎದ್ದ. ಅಲ್ಮಾಸ ಹೊಸ್ತಿಲು ದಾಟುವಾಗ ತಮ್ಮನ ಕಡೆ ತಿರುಗಿ, “ನೀ ನಮ್ಮ ಮನಿಗೆ ಬಂದು, ನಿನ್ನ ಬಾಯಲೆ ತಪ್ಪಾತು ಅನ್ನೂ ತನಕಾ ಈ ಮನಿ ನೀರು ಕುಡಿಯೂದಿಲ್ಲ,” ಎಂದಳು.

ಅಷ್ಟಾದರೂ ಜುಲ್ಫಿಕರನಿಗೆ ಸಮಾಧಾನವಾಯಿತೇ? ಎಲ್ಲಿ? ಬುದ್ಧಿ ಕಲಿತ ಕಳ್ಳ ಮತ್ತೆ ಬಂದರೆ? ಅದೇ ಸಂಜೆ ಬೆಡ್‌ರೂಮಿನ ಕಬ್ಬಿಣದ ತಿಜೋರಿಯಲ್ಲಿದ್ದ ಯಾಸ್ಮಿನಳ ಸೀರೆಗಳನ್ನು ತೆಗೆದು ಮಂಚದ ಮೇಲೆ ಹಾಕಿದ. ಹಿಂಬದಿಗೆ ತೂತು ಕೊರೆದು ವೈರು ಎಳೆದ. ಡಬ್ಬಿಯನ್ನು ಒಳಗಿಟ್ಟು ಬೀಗ ಹಾಕಿ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಯಾರಾದರೂ ಹೇಗಾದರೂ ಆರಿಸಿದರೂ ತಾನೇ ಮತ್ತೆ ಎದ್ದು ನಡೆಯುವಂತೆ ಯಂತ್ರಕ್ಕೆ ಅಪ್ಪಣೆ ಕೊಟ್ಟ.

“ಒಳಗ ಗಾಳಿ ಬ್ಯಾಡೇನ್ರಿ ಅದಕ್ಕ?” ಎಂದಳು ಯಾಸ್ಮಿನ.

“ಕಳ್ಳರ ಗಾಳಿ ಬೀಸಬಾರದು ನೋಡು, ಅದು ಮುಖ್ಯ.”

ಲ್ಯಾಬಿನಲ್ಲಿ ಹುಡುಗರು ಕಂಪ್ಯೂಟರಿನ ಮೇಲೆ ಒಂದು ಪುಸ್ತಕ ಇಟ್ಟರೂ, ಕಾದೀತು ತೆಗೆಯಿರಿ ಎಂದು ಬಯ್ಯುವ ಮನುಷ್ಯ ಇವನು! ಅನುಮಾನ ಹೊಕ್ಕ ತಲೆಯಲ್ಲಿ ಕಲಿತ ವಿದ್ಯೆಗೆ ಜಾಗವೇ ಉಳಿದಿರಲಿಲ್ಲ.

ಗುರುವಾರ ಬಂತು. ದಾವಲಮಲಿಕ ಬರಲಿಲ್ಲ. ಅಮೀನಾಬಿ ಬೆಳಗ್ಗೆಯೇ ಮಗನಿಗೆ ಹೇಳಿದ್ದಳು, “ಇವತ್ತು ಫಾತೇಹಾ ನೀನ ಓದಬೇಕು. ಓದೋನ್ನ ನೀನ ಓಡಿಸೀದಿ.” ಜುಲ್ಫಿಕರ ಹೊತ್ತಿಗೆ ಮುಂಚೆಯೇ ಬಂದು ಕೈಕಾಲು ತೊಳೆದು ಟೋಪಿ ಹಾಕಿಕೊಂಡ. ಅಮೀನಾಬಿ ಸಿಹಿ ಮಾದಲಿಯ ತಟ್ಟೆ ತಂದಿಟ್ಟಳು, ಕೆಂಡದ ಮೇಲೆ ಊದು ಹಾಕಿದಳು. ಫೋಟೊ ಕಾಣುವಲ್ಲಿ ಓದಬಾರದೆಂದು ಟವೆಲೊಂದನ್ನು ಗೋಡೆಯ ಮೇಲಿನ ಗಂಡನ ಫೋಟೊಗೆ ಹೊದಿಸಿದಳು. ಇದು ಜುಲ್ಫಿಕರ ಹುಟ್ಟಿದಾಗಿನಿಂದ ನೋಡಿದ ಪದ್ಧತಿಯೇ. ಆದರೆ ತಾಯಿಯ ಕೈಯಲ್ಲಿ ಇನ್ನೊಂದು ಬಟ್ಟೆಯಿತ್ತು. ತಂದೆ ಹೊದೆಯುತ್ತಿದ್ದ ದಪ್ಪ ಚಾದರ, ನಾಲ್ಕು ಮಡಿಕೆ ಮಾಡಿದ್ದು. ಅದನ್ನು ಹಿಡಿದುಕೊಂಡು ಅವಳು ಖಾಲಿ ಸ್ಟೂಲಿನ ಮುಂದೆ ನಿಂತಳು.

“ಹಾಂ, ತಿಜೋರ್ಯಾಗ ಇಟ್ಟೀ ಅಲ್ಲ. ಹಂಗಾದ್ರ ಮುಚ್ಚೂದು ಬ್ಯಾಡ,” ಎಂದು ತನ್ನಷ್ಟಕ್ಕೆ ಅಂದುಕೊಂಡಳು.

“ಏನ ಮುಚ್ಚೂದು ಯವ್ವಾ?”

“ಡಬ್ಬಿ. ಗ್ವಾಡಿ ಮ್ಯಾಲಿನ ಒಂದ ಫೋಟೊ ಮುಚ್ಚಿ ನೂರಾರು ಫೋಟೊ ಬಿಚ್ಚಿಟ್ಟು ಓದಾಕ ಬರತೈತೇನು? ನೀನ ಹೇಳಿದ್ದಿಯಲ್ಲ, ಎಲ್ಲಾ ಇದರಾಗ ಅದಾವ ಅಂತ. ಕೈ ಹಚ್ಚಬ್ಯಾಡ ಅಂದಿದ್ದಿ, ಹಚ್ಚಿಲ್ಲ. ಮ್ಯಾಲಿಂದ ಮೆಲ್ಲಕ ಹೊಚ್ಚತಿದ್ದೆ. ಊಟ ಆದಮ್ಯಾಲೆ ತಗೀತಿದ್ದೆ.”

ಜುಲ್ಫಿಕರ ತಾಯಿಯ ಕೈಯಿಂದ ಚಾದರ ಇಸಿದುಕೊಂಡ. “ದಾವಲಮಲಿಕ ಮಾವ ಪದಾ ಹಚ್ಚತಿದ್ದದ್ದು?”

“ಈ ಬ್ಯಾಸಗಿ ಹತ್ತಿದ ಮ್ಯಾಲೆ ನಾನ ಹಚ್ಚಸಾಕ ಸುರು ಮಾಡಿದೆ. ಅವತ್ತ ಹೇಳಾಕ ನೀ ಎಲ್ಲಿ ಬಿಟ್ಟಿ? ಓದಿದ ಮ್ಯಾಲೆ ಅವರ ದನಿ ಕೇಳಿಸಪ್ಪಾ ಅಂತ. ಹಾಡತಾ ಹಾಡತಾ ನಿಮ್ಮಪ್ಪ ನಡುವ ಸುಮ್ಮನಾಗತಿದ್ರು. ಅಂವ ಡಬ್ಬಿ ಕೆಟ್ಟೈತಿ ಅಂತಿದ್ದ. ನಾ ಅಂತಿದ್ದೆ, ಇಲ್ಲೋ, ಅವರಿಗೆ ಫಾತೇಹಾ ಮುಟ್ಟೈತಿ, ಸಮಾಧಾನಾಗಿ ಸುಮ್ಮನಾದರು. ಅಷ್ಟ ನನ್ನ ಜೀವಕ್ಕ ಸಾಕಿತ್ತು.”

ದಪ್ಪ ಚಾದರ ಹೊದ್ದ ಯಂತ್ರ ಬೇಸಿಗೆಯ ಸಂಜೆಯಲ್ಲಿ ಕಾಯುತ್ತಾ ಕಾಯುತ್ತಾ, ಇನ್ನು ತಾಳಲಾರೆನೆಂದು ಆರುತ್ತಿತ್ತು. ಇಷ್ಟೇ. ಕಳ್ಳನೂ ಇಲ್ಲ, ಸುಳ್ಳನೂ ಇಲ್ಲ. ಜುಲ್ಫಿಕರ ಎದ್ದು ಬೆಡ್‌ರೂಮಿಗೆ ಓಡಿದ. ತಿಜೋರಿಯ ಬಾಗಿಲಿಗೆ ಅಂಗೈ ಇಟ್ಟವನು ಚಟಕ್ಕನೆ ಹಿಂದೆ ತೆಗೆದ. ರೊಟ್ಟಿಯ ಹಂಚು ಮುಟ್ಟಿದಂತಾಯಿತು. ಉಡಿದಾರದ ಕೀಲಿಕೈಯಿಂದ ಬೀಗ ತೆಗೆದ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮುಖಕ್ಕೆ ರಾಚಿತು. ನಾಲ್ಕು ದಿನ ಆ ಕಬ್ಬಿಣದ ಗೂಡಿನಲ್ಲಿ ಯಂತ್ರ ಕಾದು ಆರಿ, ಅವನ ಅಪ್ಪಣೆಯಂತೆ ಮತ್ತೆ ಎದ್ದು, ಮತ್ತೆ ಕಾದು ಆರಿ, ಕೊನೆಗೊಮ್ಮೆ ಏಳದೆ ಉಳಿದಿತ್ತು. ಗುಂಡಿ ಒತ್ತಿ ಡಿಸ್ಕಿನ ಹತ್ತಿರ ಕಿವಿಯಿಟ್ಟರೆ ಕಟ್ ಕಟ್ ಎಂಬ ಸದ್ದು ಅಷ್ಟೇ.

ಎರಡೂ ಡಿಸ್ಕು ಹೊತ್ತುಕೊಂಡು ವಿಜಯಪುರಕ್ಕೆ ಹೋದ. ಇಂಥದ್ದನ್ನೇ ರಿಪೇರಿ ಮಾಡುವವನು ಬಿಚ್ಚಿ ನೋಡಿ, “ಒಳಗ ಎಲ್ಲಾ ಗೀರಿ ಹೋಗೇತ್ರಿ ಸರ. ಬ್ಯಾರೆ ಎಲ್ಲೆರ ಇಟ್ಟೀರಿಲ್ಲ?” ಎಂದ. ಜುಲ್ಫಿಕರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ. ತಂದೆ ತೀರಿಹೋದ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಮರುದಿನ ತಾಯಿಯನ್ನು ಕರೆದುಕೊಂಡು ಬಸ್ ಹತ್ತಿ ಬಾಗೇವಾಡಿಗೆ ಹೋದ. ಅಲ್ಮಾಸ ಬಾಗಿಲು ತೆರೆದು ತಾಯಿಯ ಕೈ ಹಿಡಿದು ಒಳಗೆ ಕೂರಿಸಿದಳು, ತಮ್ಮನಿಗೆ ಬಾ ಎನ್ನಲಿಲ್ಲ. ದಾವಲಮಲಿಕ ಜಮಖಾನೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಜುಲ್ಫಿಕರ ಹೊಸ್ತಿಲಲ್ಲೇ ನಿಂತು ಹೇಳಿದ.

“ಮಾವ, ತಪ್ಪಾತು. ನೀವು ಕದ್ದಿಲ್ಲ. ಪದಾನೂ ಹೋತು. ನಾನ ಕಳದೆ.”

ಎಲ್ಲವನ್ನೂ ಹೇಳಿದ. ಚಾದರ, ತಿಜೋರಿ, ವಿಜಯಪುರ. ದಾವಲಮಲಿಕ ಚಹಾದ ಕಪ್ಪು ಕೆಳಗಿಟ್ಟ. ಅವನ ಕಣ್ಣು ತುಂಬಿತು.

“ನಿಮಗರ ನೆನಪಿರಬೇಕಲ್ಲ ಮಾವ. ಒಮ್ಮೆ ಹಾಡ್ರಿ,” ಎಂದ ಜುಲ್ಫಿಕರ. ಅವನ ಕೈ ತನಗೆ ತಿಳಿಯದೆಯೇ ಜೇಬಿನ ಫೋನಿನ ಮೇಲೆ ಹೋಗಿತ್ತು.

ದಾವಲಮಲಿಕ ಅದನ್ನು ನೋಡಿದ. ಕೈ ಚಾಚಿದ. “ಫೋನ ಕೊಡು ಇಲ್ಲಿ.” ಇಸಿದುಕೊಂಡು ಬಂದ್ ಮಾಡಿ ಹೆಂಡತಿಯ ಕೈಗೆ ಕೊಟ್ಟ. “ನಿನ್ನ ಮ್ಯಾಲ ನನಗೂ ಈಗ ಅನುಮಾನ ಬಂದೈತಿ ಅಳಿಯಾ. ಬ್ಯಾಸರಾ ಮಾಡ್ಕೋಬ್ಯಾಡ.”

ಆಮೇಲೆ ಕಿವಿಯ ಮೇಲೆ ಅಂಗೈ ಇಟ್ಟುಕೊಂಡು ಪಲ್ಲವಿ ಹಿಡಿದ.

“ಹೊತ್ತ ಮುಳುಗಿತಣ್ಣಾ, ಕುದುರಿ ಬರಲಿಲ್ಲ…”

ಹಿಡಿದು, ನಿಲ್ಲಿಸಿ, ಜುಲ್ಫಿಕರನ ಕಡೆ ನೋಡಿದ.

“ಮುಂದಿನ ಸಾಲ ಎತ್ತು.”

“ನೀವ ಎತ್ತರಿ ಮಾವ.”

“ನಾ ಹಿಂದಿನಾಂವ. ಮಾವನ ಸಾಲು ನಾ ಎತ್ತೂದಿಲ್ಲ. ನೀ ಮಗ. ಅಷ್ಟ ಕಾದಿಟ್ಟಾಂವ ನೀ, ಎತ್ತು.”

ಜುಲ್ಫಿಕರ ಬಾಯಿ ತೆರೆದ. ಏನೂ ಬರಲಿಲ್ಲ. ಆ ದಿನದ ಏರಿಳಿಯುವ ಗೆರೆ ಕಣ್ಣಿಗೆ ಕಟ್ಟಿದಂತಿತ್ತು, ಒಂದು ಅಕ್ಷರವೂ ಕಿವಿಯಲ್ಲಿ ಉಳಿದಿರಲಿಲ್ಲ. ಬೀಗ ಹಾಕಿ ಕಾಯ್ದಿದ್ದ, ಒಂದು ದಿನ ಕೂತು ಕೇಳಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದ.

ಆಗ ಹಿಂದಿನಿಂದ ತೆಳ್ಳನೆಯ ಒಂದು ದನಿ ಎದ್ದಿತು. ಅಮೀನಾಬಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಹಾಡುತ್ತಿದ್ದಳು. ಜನ್ಮದಲ್ಲಿ ಅವಳು ಯಾರೆದುರೂ ಹಾಡಿದವಳಲ್ಲ.

“ಡೇರೇದ ಬಾಗಿಲಾಗ ತಾಯಿ ನಿಂತಾಳ, ಬರಿಗೊಡ ಹಿಡಕೊಂಡು ದಾರಿ ನೋಡ್ಯಾಳ…”

ದಾವಲಮಲಿಕ ಪಲ್ಲವಿ ಕೊಟ್ಟ. ಅವಳು ಮುಂದಿನ ಸಾಲು ಎತ್ತಿದಳು. ಗುರುವಾರ ಗುರುವಾರ ಕೇಳಿದ್ದಷ್ಟೂ ಒಂದೂ ತಪ್ಪದೆ ಬಂತು, ಗಂಡ ಉಸಿರು ಎಳೆದುಕೊಳ್ಳುತ್ತಿದ್ದ ಜಾಗಗಳ ಸಮೇತ. ಜುಲ್ಫಿಕರ ಮೊದಲ ಬಾರಿಗೆ ತಂದೆಯ ಪದ ಕೇಳುತ್ತಾ ಹೊಸ್ತಿಲ ಮೇಲೆ ಕುಸಿದು ಕೂತ.

“ಮಗ ಬಂದು ಕೇಳ್ಯಾನ, ಯಾರ ಸಲುವಾಗಿ ನಿಂತಿ? ತಾಯಿ ಮಗನ ಮಾರಿ ನೋಡಿ ಅಂದಾಳ…”

ಅಲ್ಲಿಗೆ ನಿಂತಿತು.

“ಏನಂದಾಳ ಯವ್ವಾ?” ಎಂದ ಜುಲ್ಫಿಕರ. ದಾವಲಮಲಿಕನ ಕಡೆ ನೋಡಿದ. ಅವನು ಇಲ್ಲವೆಂದು ತಲೆಯಾಡಿಸಿದ.

ಅಮೀನಾಬಿ ಕಣ್ಣು ತೆರೆದಳು. “ಅಲ್ಲಿಗೆ ಅವರು ಸುಮ್ಮನಾಗತಿದ್ದರಪ್ಪ. ಮುಂದಿಂದು ನಿನ್ನ ಡಬ್ಬಿಗಷ್ಟ ಗೊತ್ತಿತ್ತು.”

ದಾವಲಮಲಿಕ ಒಂದು ಸಾಲಿನಷ್ಟು ಹೊತ್ತು ಕಾದ. ಆಮೇಲೆ ಪಲ್ಲವಿ ಹಿಡಿದ.